ಗಾರೆಯಿಲ್ಲದ ಸಂದಿನೊಳಗೊಂದು ಬ್ರೇಕ್

ಸೋಮನಾಥಪುರದ ಕೇಶವ ದೇವಾಲಯದ ನವರಂಗದಲ್ಲಿ ನಿಂತವರ ಕಣ್ಣು ಸಹಜವಾಗಿಯೇ ಮೇಲಕ್ಕೆ, ಭುವನೇಶ್ವರಿಗಳ ಕಡೆಗೆ ಹೋಗುತ್ತದೆ. ಕಂಬಕ್ಕೂ ಬೋದಿಗೆಗೂ, ಬೋದಿಗೆಗೂ ತೊಲೆಗೂ ನಡುವೆ ಇರುವ ತೆಳುವಾದ ಗೆರೆಯನ್ನು ಗಮನಿಸುವವರು ಕಡಿಮೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಈ ಗುಡಿ 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಂದಿನಿಂದ ಅದರ ಶಿಲ್ಪಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆ ಗೆರೆಯ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತನಾಡಿದಂತಿಲ್ಲ.

ಆ ಗೆರೆಯೊಳಗೆ ಗಾರೆಯಿಲ್ಲ. ಹೊಯ್ಸಳರ ಕುಶಲಕರ್ಮಿಗಳು ಬಳಪದ ಕಲ್ಲಿನ ತುಂಡುಗಳನ್ನು ನಯವಾಗಿ ಅರೆದು, ಒಂದರ ಉಬ್ಬು ಇನ್ನೊಂದರ ಕುಳಿಯಲ್ಲಿ ಕೂರುವಂತೆ ಮಾಡಿ, ಒಣದಾಗಿಯೇ ಒಂದರ ಮೇಲೊಂದು ಇರಿಸಿದರು. ಅವನ್ನು ಹಿಡಿದಿಟ್ಟಿರುವುದು ಮೇಲಿನ ಚಪ್ಪಡಿ ಮತ್ತು ಶಿಖರಗಳ ಭಾರ, ಆ ಭಾರದಿಂದ ಹುಟ್ಟುವ ಘರ್ಷಣೆ. ಘರ್ಷಣೆಯ ನಿಯಮ ಸರಳವಾದದ್ದು. ಎರಡು ಮೈಗಳನ್ನು ಎಷ್ಟು ಬಲವಾಗಿ ಒತ್ತಿದರೆ ಅವು ಜಾರಲು ಅಷ್ಟು ಹೆಚ್ಚು ಬಲ ಬೇಕು. ನೆಲ ಅಲುಗಿದಾಗ ಆ ಮಿತಿಯವರೆಗೆ ಕಲ್ಲುಗಳು ಒಂದಾಗಿ ನಿಲ್ಲುತ್ತವೆ. ಮಿತಿ ಮೀರಿದರೆ ಸಂದು ಎಳ್ಳಷ್ಟು ಸರಿಯುತ್ತದೆ, ಹಾಗೆ ಸರಿಯುವಾಗ ಅಲುಗಾಟದ ಶಕ್ತಿಯ ಒಂದು ಪಾಲು ಶಾಖವಾಗಿ ಕರಗುತ್ತದೆ. ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕ್ ಹಿಡಿದಾಗ ರಬ್ಬರು ಬಿಸಿಯಾಗುವುದೂ ಇದೇ ಕಾರಣಕ್ಕೆ.

ಇಷ್ಟು ಹೇಳಿದೊಡನೆ ‘ನಮ್ಮ ಪೂರ್ವಿಕರು ಭೂಕಂಪ ನಿರೋಧಕ ತಂತ್ರಜ್ಞಾನವನ್ನು ಅಂದೇ ಅರಿತಿದ್ದರು’ ಎಂದು ಎದೆಯುಬ್ಬಿಸುವವರಿದ್ದಾರೆ. ಹಾಗೆನ್ನಲು ಆಧಾರವಿಲ್ಲ. ಕಾವೇರಿಯ ಈ ದಡ ದೇಶದ ಕಂಪನಶೀಲ ಪ್ರದೇಶಗಳಲ್ಲಿ ಸೇರಿದ್ದಲ್ಲ. 1900ರ ಫೆಬ್ರುವರಿಯಲ್ಲಿ ಕೊಯಮತ್ತೂರಿನ ಕಡೆ ಸಂಭವಿಸಿದ ಭೂಕಂಪದ ಅಲೆ ದಕ್ಷಿಣ ಭಾರತದ ಬಹುಭಾಗಕ್ಕೆ ತಟ್ಟಿದ್ದು ನಿಜ, ಗುಡಿ ನಿಂತೇ ಇರುವುದೂ ನಿಜ. ಆದರೆ ಕಠಿಣ ಪರೀಕ್ಷೆಗೆ ಕೂರದ ವಿದ್ಯಾರ್ಥಿಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಲಾಗದು. ಶಿಲ್ಪಿಗಳು ಗಾರೆ ಬಿಟ್ಟದ್ದು ಬಹುಶಃ ಕಲ್ಲು ಕಲ್ಲಿನ ಮೇಲೆ ಚೆನ್ನಾಗಿ ಕೂರಲೆಂದೇ ಹೊರತು ನೆಲ ನಡುಗೀತೆಂದಲ್ಲ. ಉದ್ದೇಶ ಏನೇ ಇರಲಿ, ಅವರು ಉಳಿಸಿಹೋದ ಆ ಸಂದಿನ ಗುಣವನ್ನು ಇಂದಿನ ಎಂಜಿನಿಯರುಗಳು ಬೇರೆಯೇ ದಾರಿಯಲ್ಲಿ ಬಂದು ಕಂಡುಕೊಂಡಿದ್ದಾರೆ.

ಆ ದಾರಿ ಸುಗಮವಾಗಿರಲಿಲ್ಲ. ಬೀಮು ಮತ್ತು ಕಂಬ ಸೇರುವ ಜಾಗವನ್ನು ಆದಷ್ಟು ಬಿಗಿಯಾಗಿ ಬೆಸೆಯುವುದೇ ಉಕ್ಕಿನ ಚೌಕಟ್ಟುಗಳಲ್ಲಿ ಬಹುಕಾಲ ಶ್ರೇಷ್ಠವೆನಿಸಿತ್ತು. 1994ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್ ಭೂಕಂಪದ ನಂತರ ಪರಿಶೀಲಿಸಿದಾಗ ನೂರಕ್ಕೂ ಹೆಚ್ಚು ಉಕ್ಕಿನ ಕಟ್ಟಡಗಳ ಬೆಸುಗೆಗಳು ಬಿರುಕುಬಿಟ್ಟಿದ್ದವು. ಬಾಗಬೇಕಾದ ಜಾಗ ಬಾಗದೆ ಗಾಜಿನಂತೆ ಸೀಳಿತ್ತು.

ಸಾಮಾನ್ಯ ಭೂಕಂಪ ವಿನ್ಯಾಸದ ತರ್ಕವೂ ಒಂದು ಬಗೆಯ ಬಲಿಯದೇ. ಬೀಮಿನ ತುದಿ ಹಾಳಾಗಲಿ, ಜನ ಉಳಿಯಲಿ ಎನ್ನುತ್ತದೆ ಅದು. ಜನ ಉಳಿಯುತ್ತಾರೆ, ಕಟ್ಟಡ ಉಳಿಯದು. 2011ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 185 ಮಂದಿ ಸತ್ತರು. ಕುಸಿಯದೆ ನಿಂತ ನೂರಾರು ಕಟ್ಟಡಗಳನ್ನೂ ದುರಸ್ತಿಗೆ ಯೋಗ್ಯವಲ್ಲವೆಂದು ಆಮೇಲೆ ಕೆಡವಬೇಕಾಯಿತು.

ಬೀಮಿನ ಬದಲು ಬ್ರೇಕು ಸವೆದರೆ ಹೇಗೆ? ಕೆನಡಾದ ಮಾಂಟ್ರಿಯಲ್‌ನ ಕಾಂಕಾರ್ಡಿಯಾ ವಿಶ್ವವಿದ್ಯಾಲಯದಲ್ಲಿ ಅವತಾರ್ ಸಿಂಗ್ ಪಾಲ್ ಈ ಪ್ರಶ್ನೆಯ ಬೆನ್ನುಹತ್ತಿ, 1980ರ ದಶಕದ ಆರಂಭದಲ್ಲಿ ಘರ್ಷಣೆಯ ಸಾಧನವೊಂದನ್ನು ರೂಪಿಸಿದರು. ಚೌಕಟ್ಟಿನ ಕರ್ಣಪಟ್ಟಿಗಳು ಸಂಧಿಸುವಲ್ಲಿ ಉಕ್ಕಿನ ಫಲಕಗಳನ್ನು ಬಿಗಿ ಬೋಲ್ಟುಗಳಿಂದ ಒತ್ತಿ ಹಿಡಿಯುತ್ತಾರೆ. ಬೋಲ್ಟಿನ ರಂಧ್ರ ದುಂಡಗಿರದೆ ಉದ್ದವಾಗಿರುವುದರಿಂದ ಫಲಕಕ್ಕೆ ಸರಿಯಲು ಎಡೆಯಿದೆ. ಗಾಳಿಗೆ ಅದು ಜಗ್ಗುವುದಿಲ್ಲ. ತೀವ್ರ ಕಂಪನಕ್ಕೆ ಮಾತ್ರ ಮೊದಲೇ ಲೆಕ್ಕ ಹಾಕಿದ ಬಲದಲ್ಲಿ ಜಾರುತ್ತದೆ. ಗುಡಿಯಲ್ಲಿ ಶಿಖರದ ಭಾರ ಮಾಡುವ ಕೆಲಸವನ್ನು ಇಲ್ಲಿ ಬೋಲ್ಟಿನ ಬಿಗಿತ ಮಾಡುತ್ತದೆ. ವ್ಯತ್ಯಾಸವೂ ದೊಡ್ಡದೇ. ಕಲ್ಲಿನ ಭಾರ ಸಂದನ್ನು ಬಿಗಿಹಿಡಿದಂತೆಯೇ ನೆಲ ಅಲುಗಿದಾಗ ಗುಡಿಯನ್ನು ಎಳೆದಾಡುವುದೂ ಹೌದು, ಬೋಲ್ಟಿಗೆ ಆ ದೋಷವಿಲ್ಲ. ಕಾಂಕ್ರೀಟಿನ ಚೌಕಟ್ಟಿಗೂ ಕರ್ಣಪಟ್ಟಿಯ ಮೂಲಕ ಇಂಥ ಸಾಧನಗಳನ್ನು ಜೋಡಿಸಬಹುದು, ಈಗಾಗಲೇ ನಿಂತಿರುವ ಕಟ್ಟಡಕ್ಕೂ ಸೇರಿಸಬಹುದು. ನ್ಯೂಜಿಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೀಮು-ಕಂಬದ ಸಂದನ್ನೇ ಜಾರುವ ಕೀಲಾಗಿ ಮಾಡಿ, ವೆಲಿಂಗ್ಟನ್ನಿನ ವಿದ್ಯಾರ್ಥಿನಿಲಯಗಳಲ್ಲಿ ಬಳಸಿದ್ದಾರೆ.

ಇದು ಸಂಜೀವಿನಿಯಲ್ಲ. ಜಾರಿದ ಸಂದು ತಾನಾಗಿ ಮೊದಲಿನ ಜಾಗಕ್ಕೆ ಮರಳುವುದಿಲ್ಲ, ಹಾಗಾಗಿ ಕಟ್ಟಡ ತುಸು ವಾಲಿ ನಿಂತೀತು. ಬೋಲ್ಟಿನ ಬಿಗಿತ ಸಡಿಲಗೊಂಡರೆ ಅಥವಾ ಫಲಕದ ಮೈ ತುಕ್ಕು ಹಿಡಿದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಲಿಫ್ಟಿನ ನಿರ್ವಹಣೆಯೇ ದೇವರಿಗೆ ಬಿಟ್ಟದ್ದಾಗಿರುವಾಗ, ಗೋಡೆಯೊಳಗೆ ಅಡಗಿದ ಬ್ರೇಕನ್ನು ಪರೀಕ್ಷಿಸುವವರು ಯಾರು? ಭೂಕಂಪದ ಮರುದಿನವೂ ಬಾಗಿಲು ತೆರೆದಿರಲೇಬೇಕಾದ ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳಿಗೆ ಇದು ಬೇಕು. ಸಾಮಾನ್ಯರ ಮನೆಗೆ ಬೇಕಾದದ್ದು ಬೇರೆ.

ಅದಕ್ಕೆ ಮುನ್ನ ಹಳೆಯ ಗುಡಿಗಳ ಬಗ್ಗೆ ಒಂದು ಮಾತು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಒಣ ಸಂದುಗಳಿಗೆ ಸಿಮೆಂಟ್ ಮೆತ್ತುವ ಚಾಳಿ ನಮ್ಮ ಊರೂರುಗಳಲ್ಲಿದೆ. ಹಾಗೆ ಮೆತ್ತಿದ ಸಂದು ಸರಿಯುವುದಿಲ್ಲ. ಸಂದು ಸರಿಯದಿದ್ದಾಗ, ಸಿಮೆಂಟಿಗಿಂತ ಮೃದುವಾದ ಕಲ್ಲು ಸೀಳುತ್ತದೆ. ನೀರು ಒಳಗೇ ನಿಂತು, ಸಿಮೆಂಟಿನ ಲವಣ ಕಲ್ಲಿನ ಮೈ ಉದುರಿಸುವುದು ಪ್ರತ್ಯೇಕ ನಷ್ಟ. ಅಥೆನ್ಸಿನ ಪಾರ್ಥೆನಾನ್‌ಗೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಡಿದ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಅಮೃತಶಿಲೆಯನ್ನೇ ಸೀಳಿದವು. ಅವನ್ನು ಕಿತ್ತು ಟೈಟಾನಿಯಂ ಹಾಕುವ ಕೆಲಸ ದಶಕಗಳಷ್ಟು ಹಿಡಿಯಿತು. ಪುರಾತತ್ವ ಇಲಾಖೆಯ ಸುಪರ್ದಿಗೆ ಬಾರದ ಗ್ರಾಮದೇಗುಲಗಳ ಸಮಿತಿಗಳಿಗೆ ಈ ಎಚ್ಚರಿಕೆಯನ್ನು ಮುಟ್ಟಿಸುವವರೇ ಇಲ್ಲ.

ಇನ್ನು ನಮ್ಮ ಮನೆಗಳು. ‘ಮೈಸೂರಿಗೆ ಭೂಕಂಪವೇ?’ ಎಂದು ನಗುವವರು ಕಿಲ್ಲಾರಿಯನ್ನು ನೆನೆಯಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಆ ಲಾತೂರು ಸೀಮೆ, ಅಂದಿನ ಭೂಕಂಪ ನಕ್ಷೆಯಲ್ಲಿ ಅತ್ಯಂತ ಸುರಕ್ಷಿತವೆನಿಸಿದ ಒಂದನೆಯ ವಲಯದಲ್ಲಿತ್ತು. 2002ರಲ್ಲಿ ನಕ್ಷೆಯನ್ನು ಪರಿಷ್ಕರಿಸಿದಾಗ ಆ ವಲಯವನ್ನೇ ಅಳಿಸಿಹಾಕಿ ಎರಡನೆಯದರಲ್ಲಿ ವಿಲೀನಗೊಳಿಸಲಾಯಿತು. ಆ ನಕ್ಷೆ ಮೈಸೂರು, ಬೆಂಗಳೂರುಗಳನ್ನು ಇರಿಸಿದ್ದು ಈ ಎರಡನೆಯ ವಲಯದಲ್ಲಿಯೇ. ಆದರೂ ಕಾಂಕ್ರೀಟ್ ಚೌಕಟ್ಟಿನ ಸಂದುಗಳು ಮುರಿಯದೆ ಬಾಗುವಂತೆ ಕಬ್ಬಿಣ ಕಟ್ಟುವ ಕ್ರಮವನ್ನು ವಿಧಿಸುವ ಭಾರತೀಯ ಮಾನಕ 13920 ಅನ್ನು 2016ರಲ್ಲಿ ಪರಿಷ್ಕರಿಸಿದಾಗ, ಎರಡನೆಯ ವಲಯಕ್ಕೆ ಅದು ಐಚ್ಛಿಕವೆಂದೇ ಬರೆಯಲಾಯಿತು. ಐಚ್ಛಿಕವೆಂದರೆ ನಮ್ಮ ಗುತ್ತಿಗೆದಾರರ ಭಾಷೆಯಲ್ಲಿ ಏನರ್ಥವೆಂದು ವಿವರಿಸಬೇಕಿಲ್ಲ.

2001ರ ಜನವರಿ 26ರಂದು ಭುಜ್‌ನಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಿದ್ದವುಗಳಲ್ಲಿ ಹೆಚ್ಚಿನವು ನೆಲಮಹಡಿಯನ್ನು ವಾಹನಗಳಿಗೆ ಬಿಟ್ಟು, ಬರಿಯ ಕಂಬಗಳ ಮೇಲೆ ನಿಂತಿದ್ದ ಮನೆಸಮುಚ್ಚಯಗಳು. ಅಂಥವು ಇಂದು ಮೈಸೂರಿನ ಹೊಸ ಬಡಾವಣೆಗಳಲ್ಲೂ ಬೇಕಾದಷ್ಟಿವೆ. ಅವುಗಳಿಗೆ ಕೆನಡಾದ ಬ್ರೇಕು ಬೇಕಿಲ್ಲ. ಬೀಮು ಮತ್ತು ಕಂಬ ಕೂಡುವ ಜಾಗದಲ್ಲಿ ಕೈ ಹಾಕಲು ಇಕ್ಕಟ್ಟೆಂದು ಬಾರ್ ಬೆಂಡರುಗಳು ಬಿಟ್ಟುಬಿಡುವ ರಿಂಗುಗಳನ್ನು ಬಿಡದೆ ಹಾಕಿದರೆ, ಅವುಗಳ ಕೊಕ್ಕೆಯನ್ನು 135 ಡಿಗ್ರಿ ಬಾಗಿಸಿ ಕಂಬದ ಒಡಲಿಗೆ ತಿರುಗಿಸಿದರೆ, ಸಂದು ಒಡೆಯುವ ಮುನ್ನ ಬಾಗುವ ಅವಕಾಶ ಪಡೆಯುತ್ತದೆ. ತಗಲುವ ಖರ್ಚು ವರಾಂಡದ ಗ್ರಾನೈಟಿಗಿಂತ ಕಡಿಮೆ. ಕನಿಷ್ಠಪಕ್ಷ ಕಂಬಗಳ ಮೇಲೆ ನಿಲ್ಲುವ ಬಹುಮಹಡಿಗಳಿಗೆ ಮತ್ತು ಆಸ್ಪತ್ರೆಗಳಿಗೆ ಈ ಮಾನಕವನ್ನು ರಾಜ್ಯ ಸರ್ಕಾರ ತನ್ನ ಕಟ್ಟಡ ಉಪನಿಯಮದ ಮೂಲಕವೇ ಕಡ್ಡಾಯ ಮಾಡಬಹುದು. ಕಾಂಕ್ರೀಟು ಸುರಿದ ಮೇಲೆ ರಿಂಗು ಇದೆಯೋ ಇಲ್ಲವೋ ಯಾರಿಗೂ ಕಾಣದು. ಆದ್ದರಿಂದ ಪಾಲಿಕೆಯ ಎಂಜಿನಿಯರು ಬಂದು ನೋಡಿ ಸಹಿ ಹಾಕಬೇಕಾದದ್ದು ಸುರಿಯುವ ಹಿಂದಿನ ದಿನ.