ಬಿರುಬಿಸಿಲಿಗೆ ಯಾವ ಹೂಗಿಡ?

ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಫೆಬ್ರವರಿಯಲ್ಲಿ ಆಸೆಪಟ್ಟು ತಂದ ಪೆಟೂನಿಯಾ, ಪ್ಯಾನ್ಸಿ, ಡಯಾಂಥಸ್ ಯುಗಾದಿಯ ಆಸುಪಾಸಿಗೆ ಸೊರಗತೊಡಗುತ್ತವೆ. ಚಳಿಗಾಲದ ಹೂಗಳವು, ಎಷ್ಟು ನೀರು ಹೊಯ್ದರೂ ಅಷ್ಟೇ. ಅದೇ ಹೊತ್ತಿನಲ್ಲಿ ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ, ಲಾರಿಗಳ ಹೊಗೆ ಕುಡಿಯುತ್ತ, ಕಣಗಿಲೆ ಮೈತುಂಬ ಹೂ ಬಿಟ್ಟಿರುತ್ತದೆ. ಕೈ ಪಳಗಿದ ತೋಟಗಾರರು ನರ್ಸರಿಯಲ್ಲಿ ಹೂವಿಗಿಂತ ಮೊದಲು ಎಲೆ ಮುಟ್ಟಿ ನೋಡುವುದು ಸುಮ್ಮನೆ ಅಲ್ಲ.

ಬಿಸಿಲು ತಾಳುವ ಗುಟ್ಟು ಎಲೆಯಲ್ಲಿದೆ. ಕಣಗಿಲೆಯ ಎಲೆ ತೊಗಲಿನ ಹಾಗೆ ದಪ್ಪ. ಅದರ ಅಡಿಭಾಗದಲ್ಲಿ ರೋಮ ತುಂಬಿದ ಸಣ್ಣ ಸಣ್ಣ ಗುಳಿಗಳಿವೆ. ಉಸಿರಾಡುವ ರಂಧ್ರಗಳು ಆ ಗುಳಿಗಳೊಳಗೆ ಅಡಗಿರುವುದರಿಂದ ಬಿಸಿಗಾಳಿ ನೇರವಾಗಿ ತಾಗುವುದಿಲ್ಲ, ನೀರು ಬೇಗ ಆರುವುದಿಲ್ಲ. ಟೇಬಲ್ ರೋಸ್ ಹಿಡಿದ ದಾರಿಯೇ ಬೇರೆ. ಅದು ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ, ಚಿವುಟಿದರೆ ರಸ ಒಸರುತ್ತದೆ. ಬಿಸಿಲೇರಿದ ಮೇಲೆ ಅರಳುವ ಹೂ ಅದು. ನೆರಳಿನಲ್ಲಿಟ್ಟರೆ ಕಣ್ಣೇ ಬಿಡುವುದಿಲ್ಲ.

ನನಗಂತೂ ಎಲ್ಲಕ್ಕಿಂತ ಮೆಚ್ಚು ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ. ದಕ್ಷಿಣ ಅಮೆರಿಕ ಮೂಲದ ಈ ಬಳ್ಳಿಯಲ್ಲಿ ನಾವು ಹೂವೆಂದು ಬೆರಗಾಗುವುದು ಬಣ್ಣ ತಳೆದ ಎಲೆಗಳನ್ನು. ಮೂರು ಬಣ್ಣದೆಲೆಗಳ ನಡುವೆ ಕಾಣಿಸುವ ಪುಟ್ಟ ಬಿಳಿ ಕೊಳವೆಗಳೇ ನಿಜವಾದ ಹೂಗಳು. ಅವು ಉದುರಿದ ಮೇಲೂ ಬಣ್ಣ ಉಳಿಯುತ್ತದೆ. ಮೇರಿ ಪಾಮರ್ ಎಂಬ ತಳಿಯಲ್ಲಿ ಒಂದೇ ಗಿಡದ ಮೇಲೆ ಬಿಳಿಯೂ ಇರುತ್ತದೆ, ಕಡು ಗುಲಾಬಿಯೂ ಇರುತ್ತದೆ! ಇದಕ್ಕೆ ಅತಿಯಾದ ಉಪಚಾರ ಮಾಡಬಾರದು. ದಿನವೂ ನೀರು, ಮೇಲಿಂದ ಮೇಲೆ ಗೊಬ್ಬರ ಸಿಕ್ಕರೆ ಹಸಿರೆಲೆ ಬಿಟ್ಟುಕೊಂಡು ಹಾಯಾಗಿರುತ್ತದೆ. ಮಣ್ಣು ಒಣಗಿ ಎಲೆ ತುಸು ಜೋಲುವವರೆಗೆ ಕಾದು, ಆಮೇಲೆ ತುಂಬಾ ನೀರು ಕೊಟ್ಟರೆ ಬಣ್ಣ ಬರುತ್ತದೆ. ಒಂದು ಸುತ್ತು ಹೂ ಮುಗಿದೊಡನೆ ಕೊಂಬೆಯ ತುದಿ ಕತ್ತರಿಸಬೇಕು, ಮುಂದಿನ ಹೂ ಹೊಸ ಚಿಗುರಿನಲ್ಲೇ ಬರುವುದು. ಬೇರು ಮಾತ್ರ ಬಲು ನಾಜೂಕು. ಕುಂಡ ಬದಲಿಸುವಾಗ ಮಣ್ಣಿನ ಹೆಂಟೆ ಒಡೆಯಬೇಡಿ.

ಮಡಗಾಸ್ಕರ್‌ನಿಂದ ಬಂದ ನಿತ್ಯಪುಷ್ಪವೂ ಬಡ ಮಣ್ಣಿನಲ್ಲಿ ಬಾಳುವ ಗಟ್ಟಿ ಜೀವ. ಬರಕ್ಕೆ ಹೆದರದ ಗಿಡ ಬುಡದಲ್ಲಿ ನಿಂತ ನೀರಿಗೆ ಬೇರು ಕೊಳೆತು ಸಾಯುತ್ತದೆ. ಇದೂ ಕಣಗಿಲೆಯೂ ವಿಷದ ಗಿಡಗಳು, ಆಡುಮೇಕೆ ಇವಕ್ಕೆ ಬಾಯಿ ಹಾಕುವುದು ಅಪರೂಪ. ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ಕಣಗಿಲೆ ತರಲೇಬೇಡಿ.

ಇನ್ನು ಕೊಳ್ಳುವಾಗಿನ ಮಾತು. ಪೂರ್ತಿ ಅರಳಿದ ಗಿಡ ಕಣ್ಸೆಳೆಯುತ್ತದೆ ನಿಜ. ಮೊಗ್ಗು ಹೆಚ್ಚಿರುವುದನ್ನು ಆರಿಸಿದವರು ಜಾಣರು. ನರ್ಸರಿಯಲ್ಲಿ ಹಸಿರು ಬಲೆಯ ನೆರಳಿನಡಿ ಬೆಳೆದ ಗಿಡವನ್ನು ತಂದ ದಿನವೇ ತಾರಸಿಯ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಮೊದಲ ಒಂದು ವಾರ ಬೆಳಗಿನ ಬಿಸಿಲು ಸಾಕು. ಕಪ್ಪು ಪ್ಲಾಸ್ಟಿಕ್ ಕುಂಡ ಕಾದು ಬೇರನ್ನು ಬೇಯಿಸುತ್ತದೆ, ಮಣ್ಣಿನ ಕುಂಡ ತಂಪು. ಅದರ ಅಡಿಗೂ ಎರಡು ಇಟ್ಟಿಗೆ ಕೊಡಿ.

ಒಂದೇ ಗಿಡಕ್ಕೆ ಜಾಗವಿದ್ದರೆ ಕಾಗದದ ಹೂ ತನ್ನಿ. ಅಷ್ಟೂ ಜಾಗವಿಲ್ಲದವರಿಗೆ ಟೇಬಲ್ ರೋಸ್ ಇದ್ದೇ ಇದೆ. ಅದನ್ನು ದುಡ್ಡು ಕೊಟ್ಟು ಕೊಳ್ಳುವುದೂ ಬೇಡ, ಪಕ್ಕದ ಮನೆಯವರನ್ನು ಒಂದು ಕಡ್ಡಿ ಕೇಳಿ ತಂದು ಮಣ್ಣಿಗೆ ಚುಚ್ಚಿ.