ಒಂದು ಹೆಜ್ಜೆಗೆ 180 ಕೆ.ಜಿ.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ 60 ಕೆ.ಜಿ. ತೂಕದ ಒಬ್ಬ ಹೆಂಗಸು ದಿನಕ್ಕೆ 5,000 ಹೆಜ್ಜೆ ನಡೆಯುತ್ತಾರೆ ಎಂದುಕೊಳ್ಳಿ. ಹಿಪ್ಪುನೇರಳೆ ತೋಟ, ಕೊಟ್ಟಿಗೆ, ಡೇರಿ, ಮನೆ ಎಂದು ಓಡಾಡುವವರಿಗೆ ಅದೇನೂ ಹೆಚ್ಚಲ್ಲ. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಹುರಿಯೇ ಅಕಿಲಿಸ್ ಸ್ನಾಯುರಜ್ಜು. ಕಾಲೂರಿ ಮುಂದಕ್ಕೆ ಒತ್ತಿದಾಗಲೆಲ್ಲ ಅದು ಮೈತೂಕದ ಸುಮಾರು ಮೂರು ಪಟ್ಟು ಸೆಳೆತ ತಾಳುತ್ತದೆ. ಅಂದರೆ ಹೆಜ್ಜೆಗೆ 180 ಕೆ.ಜಿ. ಒಂದು ಕಾಲಿಗೆ 2,500 ಹೆಜ್ಜೆಯಾದರೆ ಸಂಜೆಯ ಹೊತ್ತಿಗೆ ಒಟ್ಟು 450 ಟನ್. ಹತ್ತು ಟನ್ ಹೊರುವ 45 ಲಾರಿಗಳ ಸರಕದು. ಅದನ್ನು ತಾಳಿದ ಹುರಿಯ ದಪ್ಪ ಐದಾರು ಮಿಲಿಮೀಟರ್.

ಓಡಿದರೆ ಲೆಕ್ಕ ಇನ್ನೂ ಏರುತ್ತದೆ. ಫಿನ್ಲೆಂಡಿನ ವಿಜ್ಞಾನಿ ಪಾವೊ ಕೋಮಿ, ಓಡುವವರ ಕಾಲಿನೊಳಗೇ ಮಾಪಕ ಅಳವಡಿಸಿ ಅಳೆದಾಗ ಸೆಳೆತ 9,000 ನ್ಯೂಟನ್‌ವರೆಗೆ ಹೋಗಿತ್ತು. ಅದು 900 ಕೆ.ಜಿ.ಗೂ ಮೇಲೆ.

ಇಷ್ಟು ಶಕ್ತಿ ಎಲ್ಲಿಂದ ಬಂತು? ಉತ್ತರ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹತ್ತಿರವೇ ಇದೆ. ಒಂದು ರೇಷ್ಮೆಗೂಡಿನಲ್ಲಿ ನೂರಾರು ಮೀಟರ್ ಎಳೆ; ಒಳ್ಳೆಯ ಗೂಡಾದರೆ ಒಂದು ಕಿಲೋಮೀಟರ್ ದಾಟುತ್ತದೆ. ಆ ಎಳೆಯ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇರುವುದು ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೊ ಆಮ್ಲ. ನಮ್ಮ ಸ್ನಾಯುರಜ್ಜುವಿನ ಪ್ರೋಟೀನ್ ಕೊಲಾಜೆನ್‌ನಲ್ಲೂ ಪ್ರತಿ ಮೂರನೆಯದು ಅದೇ ಗ್ಲೈಸಿನ್. ಸಾವಿರ ಚಿಲ್ಲರೆ ಅಮೈನೊ ಆಮ್ಲಗಳ ಮೂರು ಎಳೆ ಹೊಸೆದು ಒಂದು ಕೊಲಾಜೆನ್ ಅಣು. ಅದರ ಉದ್ದ 300 ನ್ಯಾನೊಮೀಟರ್, ದಪ್ಪ ಒಂದೂವರೆ. ಹದಿನೈದು ಸೆಂಟಿಮೀಟರ್ ಉದ್ದದ ಅಕಿಲಿಸ್‌ನಲ್ಲಿ ಇಂಥವನ್ನು ಒಂದರ ತುದಿಗೊಂದು ಇಟ್ಟರೆ 5 ಲಕ್ಷ ಬೇಕು. ಆರು ಮಿಲಿಮೀಟರ್ ದಪ್ಪಕ್ಕೆ ಪಕ್ಕಪಕ್ಕದಲ್ಲಿ ಜೋಡಿಸಿದರೆ 40 ಲಕ್ಷ.

ಶಕ್ತಿಯಷ್ಟೇ ಅಚ್ಚರಿಯದು ಈ ಹುರಿಯ ನಿಧಾನ. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಏರಿ, ಆಮೇಲೆ ವರ್ಷವರ್ಷವೂ ಇಳಿಯಿತು. ಊಟದ ಮೂಲಕ ಅದು ಎಲ್ಲರ ಮೈಸೇರಿತು. ಕೋಪನ್‌ಹೇಗನ್‌ನ ವಿಜ್ಞಾನಿಗಳು ಇದೇ ಗುರುತು ಹಿಡಿದು 2013ರಲ್ಲಿ ತೋರಿಸಿದ್ದು: ಅಕಿಲಿಸ್‌ನ ತಿರುಳು ಸುಮಾರು 17ನೇ ವಯಸ್ಸಿನವರೆಗೆ ಕಟ್ಟಿಕೊಂಡು, ಆಮೇಲೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಅರವತ್ತರ ಅಜ್ಜಿಯನ್ನು ಇಂದು ನಡೆಸುತ್ತಿರುವುದು 43 ವರ್ಷ ಹಿಂದೆ ನೇಯ್ದ ಹುರಿ.

ಹೀಗಾಗಿ ದುಡಿಮೆ ಏಕಾಏಕಿ ಏರಿದರೆ ಹುರಿ ಹಿಂದೆ ಬೀಳುತ್ತದೆ, ನೋವು ಮುಂದೆ ಬರುತ್ತದೆ. ರೇಷ್ಮೆ ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನ ಶೇ 80ಕ್ಕೂ ಹೆಚ್ಚು ಪಾಲನ್ನು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲಿನ ಏಳೆಂಟು ದಿನಗಳಲ್ಲೇ ಮುಗಿಸುತ್ತದೆ. ಸೊಪ್ಪು ಕೊಯ್ಯುವವರ ಮೊಣಕೈ, ಮಣಿಕಟ್ಟುಗಳ ಹುರಿಗಳಿಗೂ ಆ ವಾರವೇ ಪರೀಕ್ಷೆ. ಹಾಲು ಕರೆಯುವುದೂ ಅಷ್ಟೆ. ನಿಮಿಷಕ್ಕೆ 60 ಹಿಂಡು, ಹಸುವಿಗೆ 10 ನಿಮಿಷ, ಎರಡು ಹಸು, ಎರಡು ಹೊತ್ತು ಎಂದು ಹಿಡಿದರೆ ಒಂದೊಂದು ಕೈಗೂ ವರ್ಷಕ್ಕೆ 8,76,000 ಹಿಂಡು.

ಬೆಳಿಗ್ಗೆ ಎದ್ದಾಗ ಬಿಗಿತ, ಓಡಾಡಿದ ಮೇಲೆ ಸಡಿಲ, ಬೆರಳಿಟ್ಟು ತೋರಿಸಬಹುದಾದ ನೋವಿನ ಜಾಗ: ಸ್ನಾಯುರಜ್ಜು ನೋವಿನ ಲಕ್ಷಣಗಳಿವು. ಮೊದಲು ನೋವು ತರುವ ಕೆಲಸ ಕಡಿಮೆ ಮಾಡಿ, ಆದರೆ ಪೂರಾ ನಿಲ್ಲಿಸಬೇಡಿ. ಎಣ್ಣೆ ತಿಕ್ಕಿದರೆ ಹಿತ ಸಿಗಬಹುದು. ಹುರಿ ಗಟ್ಟಿಯಾಗುವುದು ಅಳತೆಯ ಭಾರದಿಂದ ಮಾತ್ರ. 1998ರಲ್ಲಿ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಅಕಿಲಿಸ್ ನೋವಿನವರಿಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ನಿಧಾನವಾಗಿ ಇಳಿಸುವ ವ್ಯಾಯಾಮ ಕೊಟ್ಟರು. ದಿನಕ್ಕೆ 180 ಸಲ, 12 ವಾರ, ಒಟ್ಟು 15,120 ಸಲ. 2015ರ ಡೆನ್ಮಾರ್ಕ್ ಅಧ್ಯಯನದಲ್ಲಿ ವಾರಕ್ಕೆ ಮೂರೇ ದಿನ ಹೆಚ್ಚು ಭಾರ ಹೊತ್ತು ನಿಧಾನವಾಗಿ ಮಾಡಿದವರಿಗೂ ಅಷ್ಟೇ ಗುಣ ಕಂಡಿತು. ಭಾರ ಬಿದ್ದ ಮೊದಲ 24ರಿಂದ 36 ಗಂಟೆ ಕೊಲಾಜೆನ್ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚು. ಆದ್ದರಿಂದ ದಿನ ಬಿಟ್ಟು ದಿನ ಮಾಡುವುದು ಮನೆಗೆ ಒಪ್ಪುವ ದಾರಿ.

ಅಕಿಲಿಸ್ ನೋವಿಗೆ ಗೋಡೆ ಹಿಡಿದು ಮೂರು ಸೆಕೆಂಡ್ ತುದಿಗಾಲಿಗೆ ಏರಿ, ಮೂರು ಸೆಕೆಂಡ್ ಇಳಿಯಿರಿ. ಹದಿನೈದರಂತೆ ಮೂರು ಸುತ್ತು. ಸಲೀಸಾದಾಗ ಹೆಗಲಿಗೆ ತೂಕದ ಚೀಲ ಏರಿಸಿ. ಮೊಣಕೈ ಹೊರಬದಿಯ ನೋವಿಗೆ ಮುಂಗೈಯನ್ನು ಮೇಜಿನ ಮೇಲಿಟ್ಟು, ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನು ಹಾಗೆಯೇ ಏರಿಳಿಸಿ. ಹತ್ತಕ್ಕೆ ಐದರವರೆಗಿನ ನೋವು ಪರವಾಗಿಲ್ಲ. ಮರುದಿನ ಬೆಳಿಗ್ಗೆಯೊಳಗೆ ಇಳಿಯಬೇಕು. ಇಳಿಯದಿದ್ದರೆ ಭಾರ ತಗ್ಗಿಸಿ.

ಸೂಜಿಯ ಆಸೆಗೂ ಒಂದು ಲೆಕ್ಕವಿದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಮೊಣಕೈ ನೋವಿನ 165 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಟೀರಾಯ್ಡ್ ಚುಚ್ಚಿಸಿಕೊಂಡವರಲ್ಲಿ ಶೇ 54 ಜನರಿಗೆ ವರ್ಷದೊಳಗೆ ನೋವು ಮರಳಿತು. ಔಷಧಿಯಿಲ್ಲದ ಸೂಜಿ ಪಡೆದವರಲ್ಲಿ ಶೇ 12 ಜನರಿಗೆ ಮಾತ್ರ.

ಟಪ್ ಎಂದು ಶಬ್ದವಾಗಿ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ, ಜ್ವರದೊಂದಿಗೆ ಜಾಗ ಕೆಂಪಾಗಿ ಊದಿದರೆ, ಸಿಪ್ರೊಫ್ಲಾಕ್ಸಾಸಿನ್‌ನಂಥ ಮಾತ್ರೆ ನುಂಗುವಾಗ ನೋವು ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದವರು ಮೂರನೇ ವಾರಕ್ಕೆ ಕೈಬಿಡದೆ ಹನ್ನೆರಡು ವಾರ ಹಿಡಿದು ಮಾಡಿ. ದಿನಕ್ಕೆ 450 ಟನ್ ತಾಳುವ ಹುರಿಗೆ ಮೂರು ತಿಂಗಳು ಕೊಡುವುದು ನ್ಯಾಯವೇ.