ಅಂಕ ಕೊಟ್ಟೆವು, ಹೇಳಬೇಕಾದ್ದನ್ನು ಬಿಟ್ಟೆವು

ಈ ಪುಟದಲ್ಲಿ ನಾವು ಆಗೊಮ್ಮೆ ಈಗೊಮ್ಮೆ ಕನ್ಸೋಲ್ ಗೇಮ್‌ಗಳ ಬಗ್ಗೆ ಬರೆಯುವುದು ಓದುಗರಿಗೆ ಗೊತ್ತೇ ಉಂಟು. ಮಕ್ಕಳ ಕೈಯಲ್ಲಿ ಏನಿದೆ ಎಂಬುದು ಮನೆಯ ದೊಡ್ಡವರಿಗೂ ತಿಳಿದಿರಲಿ ಎಂಬುದೇ ಇದರ ಉದ್ದೇಶ. ಬರೆದ ಮೇಲೆ ಪತ್ರಗಳು ಬರುತ್ತವೆ. ಹೆಚ್ಚಿನವು ಹುಡುಗರದ್ದು. "ಇದಕ್ಕೆ ಹತ್ತಕ್ಕೆ ಆರು ಯಾಕೆ ಕೊಟ್ರಿ, ಅದಕ್ಕೆ ಎಂಟು ಯಾಕೆ?" ಎಂಬ ತಕರಾರು. ನಮಗೂ ಅದು ಖುಷಿಯ ಜಗಳವೇ.

ಆದರೆ ಕೆಲವು ದಿನಗಳ ಹಿಂದೆ ಗುಂಡ್ಲುಪೇಟೆಯಿಂದ ಬಂದದ್ದು ಒಬ್ಬರು ಉಮ್ಮನ ಪತ್ರ. ಐದೇ ಸಾಲು. "ಮಕ್ಕಳು ಆಡಬಹುದಾದ ಆಟ ಅಂತ ನೀವು ಬರೆದಿದ್ರಿ. ಅದನ್ನು ಓದಿಯೇ ಕೊಡಿಸಿದ್ದು. ನನ್ನ ಮಗನಿಗೆ ಹನ್ನೆರಡು ವರ್ಷ. ಆಟದ ಒಳಗೆ ಆರು ಸಾವಿರದ ನಾನೂರು ರೂಪಾಯಿ ಹೋಯಿತು. ಇದನ್ನು ಯಾಕೆ ಬರೆಯಲಿಲ್ಲ?"

ನಾವು ಬರೆದಿದ್ದ ವಿಮರ್ಶೆಯನ್ನು ತೆಗೆದು ಮತ್ತೊಮ್ಮೆ ಓದಿದೆವು. ಅದೊಂದು ಫುಟ್‌ಬಾಲ್ ಆಟ. ಹೊಡೆದಾಟ ಇಲ್ಲ, ರಕ್ತ ಇಲ್ಲ, ಕೆಟ್ಟ ಮಾತಿಲ್ಲ ಎಂದು ಹೊಗಳಿ ಒಳ್ಳೆಯ ಅಂಕ ಕೊಟ್ಟಿದ್ದೆವು. ಹಣದ ವಿಷಯ ಒಂದು ಸಾಲೂ ಇರಲಿಲ್ಲ. ಇದಕ್ಕೆ ಪತ್ರದಲ್ಲಿ ಉತ್ತರ ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲ ಅನಿಸಿತು. ಮೈಸೂರಿಗೆ ಹೇಗೂ ಹೋಗುವುದಿತ್ತು. ಎರಡು ದಿನ ಹೆಚ್ಚಿಟ್ಟುಕೊಂಡು ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ಹೋಗಿ ಬಂದೆವು.

ಚಾಮರಾಜನಗರದ ಹುಡುಗರ ತಕರಾರು

ಘಟ್ಟ ಹತ್ತಿ ಬಂದು ಚಾಮರಾಜನಗರದಲ್ಲಿ ಅಂಗಡಿ ಇಟ್ಟುಕೊಂಡಿರುವ ನಮ್ಮವರ ಮನೆಯೊಂದರಲ್ಲಿ ನಾಲ್ಕು ಹುಡುಗರು ನಮಗಾಗಿ ಕಾದಿದ್ದರು. ಇಬ್ಬರು ಆ ಮನೆಯವರು, ಇನ್ನಿಬ್ಬರು ಅವರ ಶಾಲೆಯ ಗೆಳೆಯರು. ಮನೆಯಲ್ಲಿ ದೊಡ್ಡವರು ಬ್ಯಾರಿ ಮಾತಾಡಿದರೆ ಹುಡುಗರು ಉತ್ತರ ಕೊಡುವುದು ಅಚ್ಚ ಚಾಮರಾಜನಗರದ ಕನ್ನಡದಲ್ಲಿ. ಟಿವಿಯ ಕೆಳಗೆ ಹಳೆಯ ಪಿಎಸ್ 4. ಪಿಎಸ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು; ಡಿಸ್ಕ್ ಹಾಕುವ ಮಾದರಿಗೆ ಆಗಲೇ 49,990 ರೂಪಾಯಿ. ಕನ್ಸೋಲ್ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ ಶೇ. 28ರಿಂದ 18ಕ್ಕೆ ಇಳಿದಿದ್ದರೂ ಇದು ಎಲ್ಲರ ಕೈಗೆ ಎಟುಕುವ ಬೆಲೆಯಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಪಿಎಸ್ 4, ಇಲ್ಲವೇ ಗಲ್ಫ್‌ನಲ್ಲಿರುವ ಕಾಕ ರಜೆಗೆ ಬರುವಾಗ ತಂದದ್ದು.

ಹುಡುಗರ ಮೊದಲ ತಕರಾರು 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಆಟದ ಬಗ್ಗೆ. ಅಮೆರಿಕದ ನಾಟಿ ಡಾಗ್ ಕಂಪೆನಿ 2017ರ ಆಗಸ್ಟ್‌ನಲ್ಲಿ ಪಿಎಸ್ 4ಗೆ ತಂದ ಈ ಆಟದ ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹೊಯ್ಸಳರ ಹಳೆಯ ರಾಜಧಾನಿಗಳಾದ ಬೇಲೂರು, ಹಳೇಬೀಡಿನ ಹೆಸರುಗಳು ಅದರಲ್ಲಿ ಬರುತ್ತವೆ. ಜಗತ್ತಿನ ಮಕ್ಕಳೆಲ್ಲ ಕರ್ನಾಟಕದ ಹೆಸರು ಕೇಳುವಂತಾಯಿತಲ್ಲ ಎಂದು ನಾವು ಖುಷಿಯಿಂದ ಬರೆದಿದ್ದೆವು. ಹುಡುಗರು ಒಪ್ಪಲಿಲ್ಲ.

"ಸೋಮನಾಥಪುರಕ್ಕೆ ಸ್ಕೂಲಿಂದ ಹೋಗಿದ್ವಿ ಸಾರ್. ಗೇಮಲ್ಲಿ ಇರೋ ತರ ಬೆಟ್ಟದಷ್ಟು ದೊಡ್ಡ ವಿಗ್ರಹ ಎಲ್ಲೂ ಇರ್ಲಿಲ್ಲ" ಎಂದ ಒಬ್ಬ. ಅವನ ಮಾತು ಸರಿ. ಬೇಲೂರಿನ ದೇವಾಲಯ 1117ರದ್ದು, ಸೋಮನಾಥಪುರದ್ದು 1258ರದ್ದು. ಹಳೇಬೀಡು ಸೇರಿ ಮೂರೂ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿವೆ. ಹೊಯ್ಸಳರ ಹೆಚ್ಚುಗಾರಿಕೆ ಇರುವುದು ಎತ್ತರದಲ್ಲಲ್ಲ, ಮೆದು ಕಲ್ಲಿನಲ್ಲಿ ಬೆರಳಗಲದ ಜಾಗವನ್ನೂ ಬಿಡದೆ ಮಾಡಿದ ಕುಸುರಿಯಲ್ಲಿ. ಹಳೇಬೀಡು ಇರುವುದೂ ದಟ್ಟ ಕಾಡಿನ ನಡುವೆ ಅಲ್ಲ, ಬಯಲಿನಲ್ಲಿ.

ಇನ್ನೊಬ್ಬನಿಗೆ ಸಿಟ್ಟು ಬಂದದ್ದು ಆನೆಯ ವಿಷಯಕ್ಕೆ. ಆಟದಲ್ಲಿ ನಾಯಕಿ ಕಲ್ಲಿನಡಿ ಸಿಕ್ಕಿಬಿದ್ದ ಆನೆಯನ್ನು ಬಿಡಿಸಿ ಅದರ ಮೇಲೆಯೇ ಸವಾರಿ ಮಾಡುತ್ತಾಳೆ. ಈ ಹುಡುಗನ ಅಜ್ಜಿ ಮನೆ ಬಂಡೀಪುರ ಕಾಡಿನ ಅಂಚಿನ ಹಳ್ಳಿಯಲ್ಲಿ. "ಕಾಡಾನೆ ಹತ್ರಕ್ಕೆ ಯಾರ್ ಹೋದಾರು ಸಾರ್? ರಾತ್ರಿ ಹೊಲಕ್ಕೆ ಬಂದ್ರೆ ತಾತ ಪಟಾಕಿ ಹಿಡ್ಕಂಡು ಕಾಯ್ತರೆ. ಅವರಿಗೆ ಈ ಗೇಮ್ ತೋರ್ಸುದ್ರೆ ನಗ್ತರೆ."

ನಾವು ಸುಮ್ಮನಾದೆವು. ಗ್ರಾಫಿಕ್ಸ್ ನೋಡಿ ಮರುಳಾಗಿ ಅಂಕ ಕೊಟ್ಟ ನಮಗೆ ಈ ಎರಡು ಮಾತು ಹೊಳೆದಿರಲಿಲ್ಲ. ಆಟ ಚೆನ್ನಾಗಿಯೇ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ತೋರಿಸುವ ಘಟ್ಟ ನಮ್ಮ ಘಟ್ಟವಲ್ಲ ಎಂದು ಹೇಳಬೇಕಾದವರು ಇಲ್ಲಿಯವರೇ ಅಲ್ಲವೇ?

ಬಗ್ದಾದಿನ ಆಟ ಕೊಡಿಸಬಹುದೇ?

ಆ ಮನೆಯ ಯಜಮಾನರದ್ದು ಬೇರೆಯೇ ಪ್ರಶ್ನೆ. "ಬಗ್ದಾದಿನ ಕಥೆ ಇರುವ ಗೇಮ್ ಉಂಟಂತೆ. ಇಸ್ಲಾಮಿನ ಇತಿಹಾಸ ಕಲಿಯಬಹುದು ಅಂತ ಮಗ ಹೇಳ್ತಾನೆ. ತೆಗೆದು ಕೊಡ್ಲಾ?"

ಅವರು ಹೇಳಿದ್ದು 2023ರ ಅಕ್ಟೋಬರ್‌ನಲ್ಲಿ ಬಂದ 'ಅಸಾಸಿನ್ಸ್ ಕ್ರೀಡ್ ಮಿರಾಜ್' ಬಗ್ಗೆ. ಒಂಬತ್ತನೇ ಶತಮಾನದ ಬಗ್ದಾದ್, ಖಲೀಫ ಅಲ್ ಮನ್ಸೂರ್ 762ರಲ್ಲಿ ಕಟ್ಟಲು ತೊಡಗಿದ ವೃತ್ತಾಕಾರದ ನಗರ, ಬೈತುಲ್ ಹಿಕ್ಮ ಎಂಬ ವಿದ್ಯಾಕೇಂದ್ರ ಎಲ್ಲವೂ ಅದರಲ್ಲಿವೆ. ಪಾತ್ರಗಳ ಮಾತನ್ನು ಅರಬಿಯಲ್ಲೇ ಕೇಳಬಹುದು. ನಗರದ ಇತಿಹಾಸ ಓದಲು ಬೇರೆಯೇ ವಿಭಾಗವಿದೆ. ಇಷ್ಟು ಕೇಳಿದರೆ ಯಾವ ಉಪ್ಪನಾದರೂ ಒಪ್ಪಿಯಾರು. ಆದರೆ ಆಟದ ಹೆಸರಿನಲ್ಲೇ ಇರುವಂತೆ ಅದರ ಮೂಲ ಕೆಲಸ ಗುಟ್ಟಾಗಿ ಕೊಲ್ಲುವುದು. ಯುರೋಪಿನ ಪೆಗಿ ಸಂಸ್ಥೆ ಅದಕ್ಕೆ ಕೊಟ್ಟ ವಯಸ್ಸು 18. ಮಗನಿಗೆ ಹದಿಮೂರು. "ಮಗನಿಗೆ ಕೊಡಿಸಬೇಡಿ. ನಿಮಗೆ ಆಸೆಯಿದ್ದರೆ ನೀವು ಆಡಿ, ಬಗ್ದಾದ್ ಪೇಟೆಯಲ್ಲಿ ಸುತ್ತುವಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ" ಎಂದೆವು. "ನಾನಾ? ನನಗೆ ಟಿವಿ ರಿಮೋಟೇ ಬರುವುದಿಲ್ಲ" ಎಂದು ನಕ್ಕರು. ಮಗ ನಗಲಿಲ್ಲ.

ಅಲ್ಲೇ ಕೂತಿದ್ದ ಹಿರಿಯರೊಬ್ಬರು, "ನಾವು ಇಲ್ಲಿ ಕೂತು ಹೇಳಿದರೆ ಆ ಕಂಪೆನಿಗಳಿಗೆ ಕೇಳ್ತದಾ?" ಎಂದರು. ಕೇಳಿದ ಉದಾಹರಣೆ ಉಂಟು. 2008ರ ಅಕ್ಟೋಬರ್‌ನಲ್ಲಿ ಪಿಎಸ್ 3ಗೆ 'ಲಿಟ್ಲ್ ಬಿಗ್ ಪ್ಲಾನೆಟ್' ಎಂಬ ಮಕ್ಕಳ ಆಟ ಬರಬೇಕಿತ್ತು. ಮಾಲಿ ದೇಶದ ಸಂಗೀತಗಾರ ತುಮಾನಿ ಜಬಾತೆ ಅವರ ಒಂದು ಹಾಡು ಅದರಲ್ಲಿತ್ತು. ಆ ಹಾಡಿನಲ್ಲಿ ಕುರ್‌ಆನ್‌ನ ಎರಡು ವಾಕ್ಯಗಳಿವೆ, ಸಂಗೀತದ ಜೊತೆ ಅವನ್ನು ಬೆರೆಸುವುದು ನಮಗೆ ನೋವು ತರುತ್ತದೆ ಎಂದು ಆಟಗಾರನೊಬ್ಬ ಕಂಪೆನಿಗೆ ತಿಳಿಸಿದ. ಸೋನಿ ಕಂಪೆನಿ ಜಗತ್ತಿನಾದ್ಯಂತ ಡಿಸ್ಕ್‌ಗಳನ್ನು ವಾಪಸ್ ತರಿಸಿ, ಹಾಡಿನ ಮಾತು ತೆಗೆದು, ತಡವಾಗಿ ಬಿಡುಗಡೆ ಮಾಡಿತು. ಇದರಲ್ಲೂ ಒಮ್ಮತ ಇರಲಿಲ್ಲ ಎಂಬುದನ್ನು ಹೇಳಬೇಕು. ಜಬಾತೆಯವರೂ ಮುಸ್ಲಿಮರೇ, ತಮ್ಮ ನಾಡಿನಲ್ಲಿ ಹೀಗೆ ಹಾಡುವುದು ವಾಡಿಕೆ ಎಂಬುದು ಅವರ ನಿಲುವಾಗಿತ್ತು. ವಾಪಸ್ ತರಿಸಬಾರದಿತ್ತು ಎಂದ ಮುಸ್ಲಿಮರೂ ಇದ್ದರು. ಆದರೂ ಆಡುವವನ ಮಾತು ದೂರ ಹೋಗಬಲ್ಲದು ಎಂಬುದು ಇದರಿಂದ ಗೊತ್ತಾಗುತ್ತದೆ.

ಗುಂಡ್ಲುಪೇಟೆಯ ಮನೆ

ಮರುದಿನ ತೆರಕಣಾಂಬಿ ದಾರಿಯಲ್ಲಿ ಗುಂಡ್ಲುಪೇಟೆಗೆ ಹೋದೆವು. ಇಲ್ಲಿಂದ ಒಂದು ರಸ್ತೆ ಊಟಿಗೆ, ಇನ್ನೊಂದು ವಯನಾಡಿಗೆ. ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲವಾದ್ದರಿಂದ ಕತ್ತಲಾಗುವ ಹೊತ್ತಿಗೆ ತರಕಾರಿ ಲಾರಿಗಳಿಗೆಲ್ಲ ಅವಸರ.

ಪತ್ರ ಬರೆದ ಉಮ್ಮ ಚಹಾ ಕೊಟ್ಟರು. ಬೈಯಲಿಲ್ಲ. ಅದೇ ನಮಗೆ ಕಷ್ಟವಾಯಿತು. ಅವರ ಗಂಡ ಸೌದಿಯಲ್ಲಿ. ಮಗ ಒಳಕೋಣೆಯ ಬಾಗಿಲಲ್ಲೇ ನಿಂತಿದ್ದ.

ನಡೆದದ್ದು ಇಷ್ಟು. ಆಟದಲ್ಲಿ ತನ್ನದೇ ತಂಡ ಕಟ್ಟಬೇಕು. ಒಳ್ಳೆಯ ಆಟಗಾರರು ಬೇಕಾದರೆ 'ಪ್ಯಾಕ್' ಎಂಬ ಮುಚ್ಚಿದ ಕಟ್ಟು ಒಡೆಯಬೇಕು. ಒಳಗೆ ಯಾರಿದ್ದಾರೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಆಡಿ ಗಳಿಸಿದ ನಾಣ್ಯದಲ್ಲೂ ಒಡೆಯಬಹುದು, ಅದಕ್ಕೆ ದಿನಗಟ್ಟಲೆ ಆಡಬೇಕು. ಹಣ ಕೊಟ್ಟರೆ ಕೂಡಲೇ. ಮೊದಲ ಸಲ ಹುಡುಗ ಉಮ್ಮನನ್ನು ಕೇಳಿಯೇ ತೆಗೆದ. ಆಮೇಲೆ ಕೇಳಲಿಲ್ಲ. ಓಟಿಪಿ ಬಂದದ್ದು ಉಮ್ಮನ ಮೊಬೈಲಿಗೆ, ಮೊಬೈಲ್ ಇದ್ದದ್ದು ಮಗನ ಕೈಯಲ್ಲಿ. ಟ್ಯೂಷನ್ ಫೀಸಿಗೆ ಇಟ್ಟ ಹಣ ಖಾತೆಯಲ್ಲಿ ಇಲ್ಲ ಎಂದು ಗೊತ್ತಾದದ್ದು ಮೂರು ವಾರದ ಮೇಲೆ.

"ಬತ್ತೇರಿಗೆ ಹೋದಾಗ ದಾರಿಯಲ್ಲಿ ಲಾಟರಿ ಮಾರುವವರು ಬಂದರೆ ಮಕ್ಕಳನ್ನು ಈಚೆ ಎಳೆದುಕೊಳ್ಳುವವರು ನಾವು. ಅದೇ ಲಾಟರಿ ಟಿವಿಯೊಳಗಿಂದ ಮನೆಗೆ ಬಂತಲ್ಲ" ಎಂದರು ಉಮ್ಮ.

ಅವರ ಮಾತು ಉತ್ಪ್ರೇಕ್ಷೆಯಲ್ಲ. ಇಂಥ ಪ್ಯಾಕ್‌ಗಳಿಗೆ 'ಲೂಟ್ ಬಾಕ್ಸ್' ಎಂಬ ಹೆಸರಿದೆ. ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲಿ ಕೆಲವು ಆಟಗಳ ಲೂಟ್ ಬಾಕ್ಸ್‌ಗಳು ಜೂಜೇ ಎಂದು ಹೇಳಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಟ್ಟು ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಆದರೆ ಪ್ಯಾಕ್ ಒಡೆದರೆ ಕೈಗೆ ಬರುವುದು ಹಣವಲ್ಲ, ಪರದೆಯ ಮೇಲಿನ ಒಬ್ಬ ಆಟಗಾರ. ಕಾನೂನಿನ ಮಾತು ಏನೇ ಇರಲಿ, ಏನು ಸಿಗುತ್ತದೆಂದು ತಿಳಿಯದೆ ಹಣ ಹಾಕುವುದು ಹನ್ನೆರಡರ ಮಗುವಿಗೆ ಕಲಿಸಬೇಕಾದ ಪಾಠವಲ್ಲ.

ಇನ್ನು ನಮ್ಮ ತಪ್ಪು. ಉಮ್ಮ ಡಿಸ್ಕ್‌ನ ಡಬ್ಬಿ ತಂದು ಮುಂದಿಟ್ಟರು. ಮುಂಭಾಗದಲ್ಲಿ ಹಸಿರು ಬಣ್ಣದಲ್ಲಿ '3', ಅಂದರೆ ಮೂರು ವರ್ಷದ ಮಗುವೂ ಆಡಬಹುದು. ನಾವು ವಿಮರ್ಶೆ ಬರೆಯುವಾಗ ನೋಡಿದ್ದು ಅದನ್ನು ಮಾತ್ರ. ಹಿಂದೆ ತಿರುಗಿಸಿದರೆ, ಕಾರ್ಡ್ ಹಿಡಿದ ಕೈಯ ಸಣ್ಣ ಚಿತ್ರ. ಆಟದೊಳಗೆ ಖರೀದಿ ಉಂಟು ಎಂದು ಹೇಳುವ ಈ ಗುರುತನ್ನು ಪೆಗಿ 2018ರಲ್ಲೇ ತಂದಿದೆ. ಏನು ಸಿಗುತ್ತದೆಂದು ಮೊದಲೇ ತಿಳಿಯದ ಖರೀದಿ ಇದ್ದರೆ ಅದನ್ನೂ ಬರೆಯಬೇಕು ಎಂದು 2020ರಲ್ಲಿ ಸೇರಿಸಿದೆ. ಈ ಡಬ್ಬಿಯ ಮೇಲಿನ ವಯಸ್ಸಿನ ಅಂಕಿ ಹೊಡೆದಾಟ, ಭಯ, ಕೆಟ್ಟ ಮಾತುಗಳನ್ನು ನೋಡಿ ಕೊಟ್ಟದ್ದು. ಹಣದ ಸುದ್ದಿ ಇರುವುದು ಈ ಚಿಕ್ಕ ಚಿತ್ರದಲ್ಲಿ. ಡಬ್ಬಿಯ ಮೇಲಿದ್ದದ್ದನ್ನು ನಾವು ಓದುಗರಿಗೆ ದಾಟಿಸಲಿಲ್ಲ. ಇದನ್ನು ಅವರ ಮುಂದೆಯೇ ಒಪ್ಪಿಕೊಂಡೆವು.

"ಇವನ ಉಪ್ಪ ಮಾರಿಬಿಡು ಅಂತಾರೆ. ನೀವು ಏನು ಹೇಳ್ತೀರಿ?" ಎಂದು ಕೇಳಿದರು.

ನಾವು ಹುಡುಗನನ್ನು ಕರೆದು, ಅಷ್ಟು ಪ್ಯಾಕ್ ಯಾಕೆ ಬೇಕಿತ್ತು ಮೋನೆ ಎಂದೆವು. ತುಂಬ ಹೊತ್ತು ಮಾತಿಲ್ಲ. ಆಮೇಲೆ ನೆಲ ನೋಡುತ್ತಾ ಹೇಳಿದ: "ಶುಕ್ರವಾರ ಉಪ್ಪಂಗೆ ರಜ. ಅವರ ರೂಮಲ್ಲಿ ಒಬ್ರ ಹತ್ರ ಇದೇ ಗೇಮ್ ಇದೆ. ನಾನು, ಉಪ್ಪ ಒಂದೇ ಕಡೆ ಆಡ್ತೀವಿ. ಗೆದ್ರೆ ಇನ್ನೊಂದು ಮ್ಯಾಚ್ ಆಡೋಣ ಅಂತರೆ. ಸೋತ್ರೆ ಸಾಕು, ಮಲಕ್ಕೊ ಅಂತರೆ."

ಇಲ್ಲಿ ಸಂಜೆ ಏಳೂವರೆಯಾದರೆ ಸೌದಿಯಲ್ಲಿ ಐದು ಗಂಟೆ. ವಾರಕ್ಕೊಮ್ಮೆ ಸಿಗುವ ಆ ಹೊತ್ತನ್ನು ಇನ್ನೊಂದು ಮ್ಯಾಚ್‌ನಷ್ಟು ಉದ್ದ ಮಾಡಲು ಹುಡುಗ ಒಳ್ಳೆಯ ಆಟಗಾರರನ್ನು ಹುಡುಕುತ್ತಿದ್ದ. ಉಮ್ಮನಿಗೂ ಇದು ಗೊತ್ತಿರಲಿಲ್ಲ. ಅವರು ಎದ್ದು ಅಡುಗೆಮನೆಗೆ ಹೋದರು.

ಹಣ ತೆಗೆದದ್ದು ತಪ್ಪೇ. ಅದನ್ನು ಹುಡುಗನಿಗೂ ಹೇಳಿದೆವು, ಅವನಿಗೆ ಅದು ಗೊತ್ತೂ ಇತ್ತು. ಆದರೆ ಕನ್ಸೋಲ್ ಮಾರಬೇಡಿ ಎಂಬುದು ನಮ್ಮ ಅಭಿಪ್ರಾಯ ಎಂದೆವು. ಮಾರಿದರೆ ಪ್ಯಾಕ್‌ಗಳ ಜೊತೆ ಶುಕ್ರವಾರವೂ ಹೋಗುತ್ತದೆ. ಇವನು ಹೇಳಿದ್ದನ್ನು ಇವನ ಉಪ್ಪನಿಗೆ ತಿಳಿಸಿ, ಆಮೇಲೆ ನೀವೇ ತೀರ್ಮಾನ ಮಾಡಿ ಎಂದು ಕೇಳಿಕೊಂಡೆವು.

ಅಲ್ಲೇ ಕೂತು ಮಾಡಿದ ಕೆಲಸವನ್ನು ಎಲ್ಲ ಓದುಗರಿಗೂ ಹೇಳುತ್ತೇವೆ. ಈಗ ಸಿಗುವ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಯಾವುದೇ ಇರಲಿ, ದೊಡ್ಡವರ ಹೆಸರಲ್ಲಿ ಒಂದು ಖಾತೆ, ಅದರ ಕೆಳಗೆ ಮಗುವಿನ ಖಾತೆ ಮಾಡಬಹುದು. ಮಗುವಿನ ನಿಜವಾದ ಹುಟ್ಟಿದ ವರ್ಷವನ್ನೇ ಹಾಕಿ. ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇಲ್ಲೇ. ದೊಡ್ಡವರ ಒಪ್ಪಿಗೆ ಇಲ್ಲದೆ ಖರೀದಿ ಆಗದಂತೆ ಮಾಡಿ. ಕಾರ್ಡ್ ನಂಬರನ್ನು ಕನ್ಸೋಲ್‌ನಲ್ಲಿ ಉಳಿಸಬೇಡಿ. ಓಟಿಪಿ ಬರುವ ಮೊಬೈಲ್ ಮಗುವಿನ ಕೈಯಲ್ಲಿ ಇರುವುದು ಬೇಡ. ಆ ಮನೆಯಲ್ಲಿ ಇದಕ್ಕೆಲ್ಲ ಅರ್ಧ ಗಂಟೆ ಹಿಡಿಯಿತು. ನಡುವೆ ಒಮ್ಮೆ ಕರೆಂಟ್ ಹೋಗದಿದ್ದರೆ ಇನ್ನೂ ಬೇಗ ಮುಗಿಯುತ್ತಿತ್ತು.

ಇನ್ನು ಮುಂದೆ

ಆ ಫುಟ್‌ಬಾಲ್ ಆಟಕ್ಕೆ ಕೊಟ್ಟಿದ್ದ ಅಂಕವನ್ನು ನಾವು ಹಿಂದಕ್ಕೆ ಪಡೆಯುತ್ತಿಲ್ಲ. ಆಟ ಆಟವಾಗಿ ಚೆನ್ನಾಗಿದೆ. ಆದರೆ 'ಮಕ್ಕಳು ಆಡಬಹುದು' ಎಂದು ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇವೆ. 'ಖರೀದಿಗೆ ಬೀಗ ಹಾಕಿದ ಮೇಲೆ ಮಕ್ಕಳು ಆಡಬಹುದು' ಎಂದು ತಿದ್ದಿ ಓದಿಕೊಳ್ಳಿ. ಇನ್ನು ಮೇಲೆ ಪ್ರತಿ ವಿಮರ್ಶೆಯ ಕೊನೆಗೆ ಮೂರು ಸಾಲು ಇರುತ್ತದೆ: ಡಬ್ಬಿಯ ಮೇಲಿನ ವಯಸ್ಸು ಎಷ್ಟು, ಆಟದೊಳಗೆ ಮತ್ತೆ ಹಣ ಕೇಳುತ್ತದೆಯೇ, ಇಂಟರ್‌ನೆಟ್ ಇಲ್ಲದೆ ಆಡಲು ಆಗುತ್ತದೆಯೇ. ಅಂಕಕ್ಕಿಂತ ಮೊದಲು ಅದನ್ನು ಓದಿ.

ನಾವು ಬಂದ ಎರಡು ವಾರದ ಮೇಲೆ ಉಮ್ಮನ ಮೆಸೇಜ್ ಬಂತು. ಕನ್ಸೋಲ್ ಮನೆಯಲ್ಲೇ ಇದೆ. ಟ್ಯೂಷನ್ ಫೀಸನ್ನು ಎರಡು ಕಂತಿನಲ್ಲಿ ಕಟ್ಟುತ್ತಿದ್ದಾರೆ, ಹುಡುಗನ ಪೆರ್ನಾಲ್ ಹಣವೂ ಅದಕ್ಕೇ ಹೋಗಿದೆ. ಕೊನೆಗೆ ಒಂದು ಸಾಲು: "ಮೊನ್ನೆ ಶುಕ್ರವಾರ ಉಪ್ಪ, ಮಗ ಇಬ್ಬರೂ ಸೇರಿ ಸೋತರು. ಆದರೂ ಇನ್ನೊಂದು ಮ್ಯಾಚ್ ಆಡಿದರು."